ಕಟ್ಟಡಕ್ಕೂ ಬೇಕು ಬೆಂಕಿರೇಖೆ
(ನೆಲಮಂಗಲ ತಾಲ್ಲೂಕಿನ ಅರಿಶಿನಕುಂಟೆಯಲ್ಲಿ ಮಾಡಿದ ಭಾಷಣ)



ಬೇಸಿಗೆಗೆ ಮುನ್ನ ಬೆಟ್ಟದ ಸೀಮೆಯವರಾದ ನಾವು ಕಾಡಂಚಿನ ತರಗೆಲೆ ಸವರಿ ಬೆಂಕಿರೇಖೆ ಮಾಡುತ್ತೇವೆ. ಬೆಂಕಿ ಹತ್ತಿದ ಮೇಲೆ ಆ ಕೆಲಸಕ್ಕೆ ಸಮಯವಿರುವುದಿಲ್ಲ. ಈ ಭಾಗದ ಗೋದಾಮು, ಕಾರ್ಖಾನೆಗಳಿಗೆ ದುಡಿಯಲು ಬರುವ ನಮ್ಮ ಮಕ್ಕಳನ್ನು ಕಾಯುವ ರೇಖೆ ಯಾವುದು? ಬೀಗವಿಲ್ಲದ ಎರಡನೆಯ ಬಾಗಿಲು, ಹೊಗೆ ನುಗ್ಗದ ಮೆಟ್ಟಿಲು.

2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಮೆಟ್ಟಿಲುಗಳನ್ನು ಹೊಗೆ ಆವರಿಸಿತು. ಉಸಿರುಗಟ್ಟಿ ಕೆಲವರು ಕಿಟಕಿಗಳಿಂದ ಹಾರಿದರು. 9 ಮಂದಿ ಅಸುನೀಗಿದರು. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಮಳಿಗೆಯಲ್ಲಿ ಬೆಂದವರಲ್ಲಿ ದೀಪಾವಳಿಯ ತಾತ್ಕಾಲಿಕ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದಿದ್ದ ಯುವಕರು ಹಲವರು.

ಪಾರಾಗುವ ದಾರಿ ಇರಬೇಕು, ಅದು ಕಾರ್ಮಿಕರಿಗೆ ತಿಳಿದಿರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 38ನೆಯ ಕಲಮೇ ವಿಧಿಸಿತ್ತು. ಕಾನೂನು ಹೊಸತೇನೂ ಅಲ್ಲ, ಪಾಲನೆಯೇ ಕೊರತೆ.

ಆದ್ದರಿಂದ ವಿದ್ಯಾರ್ಥಿಗಳೇ, ಕೆಲಸಕ್ಕೆ ಸೇರಿದ ಮೊದಲ ದಿನವೇ ಎರಡನೆಯ ಬಾಗಿಲಿನವರೆಗೆ ನಡೆದು ನೋಡಿರಿ. ಅಲ್ಲಿ ಸರಕು ಪೇರಿಸಿದ್ದರೆ, ಬೀಗ ಜಡಿದಿದ್ದರೆ ಜೊತೆಗಾರರೊಡನೆ ಸೇರಿ ಕೇಳಿರಿ. ಹಿರಿಯರೇ, ಊರಿಗೆ ಬಂದ ಮಗನನ್ನು ಸಂಬಳದ ಜೊತೆಗೆ ಆ ಬಾಗಿಲಿನ ವಿಷಯವನ್ನೂ ವಿಚಾರಿಸಿರಿ.