ಅತ್ತೆಯವರ ಒಂದು ರೂಪಾಯಿ

ದೀಪಾವಳಿಗೆ ದೇವರ ಹುಂಡಿ ತೆಗೆದಾಗ ನಮ್ಮತ್ತೆಗೆ ಅಂಚು ಕಚ್ಚಿದಂತಿದ್ದ ಒಂದು ರೂಪಾಯಿ ಸಿಕ್ಕಿತು. ಇಸವಿಯ ಕೆಳಗೆ ವಜ್ರದಾಕಾರದ ಗುರುತು, ಅಂದರೆ ನಮ್ಮ ಮುಂಬೈ ಟಂಕಸಾಲೆಯದೇ. ಫೋಟೋ ವಾಟ್ಸಾಪ್‌ನಲ್ಲಿ ಓಡಾಡಿತು. ಯಾರೋ ಫೋನ್ ಮಾಡಿ, "ಟಂಕಸಾಲೆಯ ತಪ್ಪು, 2 ಲಕ್ಷ ಕೊಡ್ತೀವಿ, ಮೊದಲು ನೋಂದಣಿ ಶುಲ್ಕ ಕಳಿಸಿ" ಎಂದರು. ಅತ್ತೆ ಮೊಬೈಲ್ ನನ್ನ ಕೈಗಿಟ್ಟು, "ನೀನೇ ಕಳಿಸಿಬಿಡಮ್ಮ" ಎಂದರು!

ಟಂಕಸಾಲೆಯಲ್ಲಿ ಮೊದಲು ಲೋಹದ ಪಟ್ಟಿಯಿಂದ ಬಿಲ್ಲೆ ಕತ್ತರಿಸಿ, ಅದರ ಅಂಚು ಎಬ್ಬಿಸಿ, ಆಮೇಲೆ ಅಚ್ಚು ಒತ್ತುತ್ತಾರೆ. ಪಟ್ಟಿ ಸರಿಯಾಗಿ ಮುಂದೆ ಸರಿಯದಿದ್ದರೆ ಹಿಂದಿನ ತೂತಿನ ಮೇಲೇ ಕತ್ತರಿ ಬಿದ್ದು, ಬಿಲ್ಲೆ ಒಂದು ಕಡೆ ಕಮಾನಿನಂತೆ ಕಡಿಮೆಯಾಗುತ್ತದೆ. ಅದು ನಿಜವಾದ ತಪ್ಪು. ಅಂಚು ಎಬ್ಬಿಸುವಾಗ ಈ ಕಡೆ ಲೋಹವಿಲ್ಲದಿದ್ದರೆ ನೇರ ಎದುರಿನ ಕಡೆಗೂ ಒತ್ತಡ ಸಿಗುವುದಿಲ್ಲ. ಹಾಗಾಗಿ ಅಲ್ಲಿನ ಅಂಚೂ ಸಾಮಾನ್ಯವಾಗಿ ಮಸುಕಾಗಿರುತ್ತದೆ. ಕಚ್ಚಿದ ಜಾಗದ ಪಕ್ಕದ ಅಕ್ಷರಗಳು ಅತ್ತ ಎಳೆದುಕೊಂಡಂತೆ ಕಾಣಬಹುದು. ತೂಕ ನೋಡಿ ಮೋಸಹೋಗಬೇಡಿ, ಆಮೇಲೆ ಕತ್ತರಿಸಿದ್ದರೂ ತೂಕ ಕಡಿಮೆಯೇ.

ಅತ್ತೆಯ ನಾಣ್ಯದಲ್ಲಿ ಎದುರಿನ ಅಂಚು ದುಂಡಗೆ, ಚೊಕ್ಕವಾಗಿತ್ತು. ಕಚ್ಚಿದ ಕಡೆ ಅರದಿಂದ ಉಜ್ಜಿದ ಗೀರುಗಳು. ಯಾರೋ ಕತ್ತರಿಸಿದ್ದು, ಅಷ್ಟೇ.

ನಿಜವಾದ ತಪ್ಪೇ ಆಗಿದ್ದರೂ ಆ ಶುಲ್ಕ ಕಳಿಸಬಾರದಿತ್ತು ಅನ್ನಿ. ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಹೇಳಿದೆ: ಹಳೆಯ ನೋಟು, ನಾಣ್ಯದ ವ್ಯವಹಾರ ತಾನು ಮಾಡುವುದಿಲ್ಲ, ಅದಕ್ಕಾಗಿ ಶುಲ್ಕ ಕೇಳುವುದಿಲ್ಲ, ಯಾರಿಗೂ ಆ ಅಧಿಕಾರ ಕೊಟ್ಟಿಲ್ಲ.

ಎರಡು ದಿನ ಅತ್ತೆ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ರೂಪಾಯಿ ಮತ್ತೆ ಹುಂಡಿ ಸೇರಿದೆ. ನಿಮ್ಮ ಹತ್ತಿರವೂ ಇಂಥದ್ದಿದ್ದರೆ ಊಟದ ಹೊತ್ತಿಗೆ ತೋರಿಸಿ, ಭೂತಗನ್ನಡಿ ತಂದಿದ್ದೇನೆ.