ಬಲಗೈ ಹುಡುಗಿ ಎಡಕ್ಕೆ ನಿಲ್ಲಬೇಕಾ? ಸಾಫ್ಟ್‌ಬಾಲ್‌ನ ‘ಸ್ಲ್ಯಾಪ್’ ಲೆಕ್ಕಾಚಾರ

ಕ್ರಿಕೆಟ್ ಬಿಟ್ರೆ ನಿಮಗೆ ಬೇರೆ ಆಟ ಗೊತ್ತಿಲ್ವಾ ಅಂತ ಕೇಳ್ತಿದ್ದವರಿಗೆ ಇವತ್ತು ಸಾಫ್ಟ್‌ಬಾಲ್. ಮಧ್ಯದಲ್ಲಿ ಒಂದೆರಡು ಸಲ ಕ್ರಿಕೆಟ್ ನುಸುಳುತ್ತೆ, ಅದನ್ನ ಸಹಿಸ್ಕೊಳ್ಳಿ.

ಕ್ಯಾಲಿಫೋರ್ನಿಯಾದಲ್ಲಿರುವ ಕೇಳುಗರೊಬ್ಬರು, ಮೂಲತಃ ಹಾಸನದ ಕಡೆಯವರು, ಒಂದು ಪ್ರಶ್ನೆ ಕಳಿಸಿದ್ದಾರೆ. ಮಗಳಿಗೆ 11 ವರ್ಷ, 3 ವರ್ಷದಿಂದ ಸಾಫ್ಟ್‌ಬಾಲ್ ಆಡ್ತಿದ್ದಾಳೆ. ಸಣ್ಣ ಆಳು. ಓಟದಲ್ಲಿ ಇಡೀ ತಂಡಕ್ಕೇ ಮೊದಲು, ಬ್ಯಾಟಿಂಗ್ ಸರದಿಯಲ್ಲಿ ಮಾತ್ರ ಕೊನೆ. ಕೋಚ್ ಹೇಳಿದ್ರಂತೆ, ಇವಳನ್ನ ಎಡಗಡೆ ನಿಲ್ಲಿಸಿ ಸ್ಲ್ಯಾಪರ್ ಮಾಡೋಣ ಅಂತ. ಅಪ್ಪನಿಗೆ ಒಪ್ಪಿಗೆ. ಅಮ್ಮನಿಗೆ ಇಲ್ಲ. ‘ಗಟ್ಟಿಯಾಗಿ ಹೊಡೆಯೋದು ನಿನ್ನ ಕೈಲಿ ಆಗಲ್ಲ ಅಂತ 11ನೇ ವಯಸ್ಸಿಗೇ ಹೇಳಿಬಿಟ್ಟ ಹಾಗಾಗಲ್ವಾ?’ ಅನ್ನೋದು ಅವರ ಮಾತು. ಹುಡುಗಿ ಏನಂತಾಳೆ ಅನ್ನೋದು ಆ ಇಮೇಲ್‌ನಲ್ಲಿ ಇರಲಿಲ್ಲ. ನಾನು ವಾಪಸ್ ಬರೆದು ಕೇಳಿದ ಮೊದಲ ಪ್ರಶ್ನೆ ಅದೇ. ಉತ್ತರ ಬಂದಿದೆ, ಆಮೇಲೆ ಹೇಳ್ತೀನಿ.

ಮೊದಲು ಮೈದಾನ ಅರ್ಥ ಮಾಡ್ಕೊಳ್ಳೋಣ. ಸಾಫ್ಟ್‌ಬಾಲ್‌ನಲ್ಲಿ ಬ್ಯಾಟರ್ ನಿಲ್ಲೋ ಜಾಗದಿಂದ ಮೊದಲ ಬೇಸ್‌ಗೆ 60 ಅಡಿ. ಬೇಸ್‌ಬಾಲ್‌ನಲ್ಲಿ ಅದೇ ದೂರ 90 ಅಡಿ. ನಮ್ಮ ಕ್ರಿಕೆಟ್ ಪಿಚ್‌ನಲ್ಲಿ ಒಂದು ಕ್ರೀಸ್‌ನಿಂದ ಇನ್ನೊಂದು ಕ್ರೀಸ್‌ಗೆ 58 ಅಡಿ. ಅಂದ್ರೆ ಸಾಫ್ಟ್‌ಬಾಲ್‌ನ ಮೊದಲ ಓಟ ನಮ್ಮ ಒಂದು ಸಿಂಗಲ್‌ಗಿಂತ 2 ಅಡಿ ಜಾಸ್ತಿ, ಅಷ್ಟೇ. ವ್ಯತ್ಯಾಸ ಏನಂದ್ರೆ, ಕ್ರಿಕೆಟ್‌ನಲ್ಲಿ ಚೆಂಡು ಮುಟ್ಟಿಸಿ ‘ನೋ’ ಅಂತ ಕೂಗಿ ನಿಂತುಬಿಡಬಹುದು. ಇಲ್ಲಿ ಮೈದಾನದ ಒಳಗೆ ಚೆಂಡು ತಳ್ಳಿದ್ರೆ ಓಡಲೇಬೇಕು. ಫೀಲ್ಡರ್ ಎಸೆದ ಚೆಂಡು ನಿಮಗಿಂತ ಮೊದಲು ಬೇಸ್ ತಲುಪಿದ್ರೆ ಔಟ್.

ಒಳ್ಳೆ ಶಾರ್ಟ್‌ಸ್ಟಾಪ್, ಅಂದ್ರೆ ಎರಡನೇ ಮತ್ತು ಮೂರನೇ ಬೇಸ್ ಮಧ್ಯೆ ನಿಲ್ಲೋ ಫೀಲ್ಡರ್, ನೆಲದ ಮೇಲೆ ಬಂದ ಚೆಂಡನ್ನ ಹಿಡಿದು ಎಸೆದು ಮುಗಿಸೋಕೆ ಹೆಚ್ಚುಕಡಿಮೆ 3 ಸೆಕೆಂಡ್ ತಗೋತಾಳೆ. ದೊಡ್ಡವರ ಆಟದಲ್ಲಿ ಒಳ್ಳೆ ಸ್ಲ್ಯಾಪರ್ ಮೊದಲ ಬೇಸ್ ತಲುಪೋದು ಸುಮಾರು 2.7, 2.8 ಸೆಕೆಂಡ್‌ನಲ್ಲಿ. ಇಡೀ ವಿದ್ಯೆ ನಿಂತಿರೋದು ಈ ಎರಡು ಸಂಖ್ಯೆಗಳ ನಡುವಿನ ಸಂದಿಯಲ್ಲಿ.

ಆ ಸಂದಿ ಸಿಗೋದು ಹೇಗೆ? ಮೊದಲ ಬೇಸ್ ಇರೋದು ಬ್ಯಾಟರ್‌ನ ಬಲಕ್ಕೆ. ಎಡಗೈ ಬ್ಯಾಟರ್ ಪ್ಲೇಟ್‌ನ ಆ ಬದಿಯಲ್ಲೇ ನಿಲ್ತಾಳೆ, ಹಾಗಾಗಿ ಬಲಗೈಯವಳಿಗಿಂತ 3–4 ಅಡಿ ಹತ್ತಿರ. ಸ್ಲ್ಯಾಪರ್ ಇದರ ಮೇಲೆ ಇನ್ನೊಂದು ಆಟ ಹೂಡ್ತಾಳೆ. ಬಾಕ್ಸ್‌ನ ಹಿಂಭಾಗದಲ್ಲಿ ನಿಂತು, ಪಿಚರ್ ಚೆಂಡು ಬಿಡೋ ಹೊತ್ತಿಗೆ ಬಲಗಾಲನ್ನ ಸ್ವಲ್ಪ ಸರಿಸಿ, ಎಡಗಾಲನ್ನ ಅದರ ಮುಂದೆ ದಾಟಿಸಿ, ಪಿಚರ್ ಕಡೆಗೇ ಹೆಜ್ಜೆ ಇಡ್ತಾ ಚೆಂಡನ್ನ ಮುಟ್ಟಿಸ್ತಾಳೆ. ಚೆಂಡು ತಾಗುವಾಗಲೇ ಅವಳು ಓಡ್ತಾ ಇರ್ತಾಳೆ. ಗುರಿ ಹೆಚ್ಚಾಗಿ ಶಾರ್ಟ್‌ಸ್ಟಾಪ್ ಕಡೆ. ಒಂದೋ ಮೆಲ್ಲಗೆ ತಳ್ಳಿ ಅವಳನ್ನ ಮುಂದಕ್ಕೆ ಓಡಿಸೋದು, ಇಲ್ಲಾ ನೆಲಕ್ಕೆ ಕುಟ್ಟಿ ಎತ್ತರಕ್ಕೆ ಪುಟಿಸೋದು, ಇಲ್ಲಾ ಬಿರುಸಾಗಿ ಹೊಡೆದು ಸಂದಿಯಲ್ಲಿ ನುಗ್ಗಿಸೋದು. ಬಂಟ್ ಬೆದರಿಕೆಗೆ ಮೂರನೇ ಬೇಸ್‌ನವಳು ಮೊದಲೇ ಮುಂದೆ ಬಂದು ನಿಂತಿರ್ತಾಳೆ, ಹಾಗಾಗಿ ಅವಳ ಹಿಂದೆ ಜಾಗ ಖಾಲಿ.

ನೋಡೋಕೆ ಚಂದ. ಮಾಡೋಕೆ ಕಷ್ಟ. ಗಂಟೆಗೆ 60 ಮೈಲಿ ವೇಗದ ಚೆಂಡು ಪಿಚರ್ ಕೈಬಿಟ್ಟ ಮೇಲೆ ಬ್ಯಾಟರ್ ಹತ್ತಿರ ಬರೋಕೆ ಅರ್ಧ ಸೆಕೆಂಡೂ ಬೇಡ. ಅಷ್ಟರಲ್ಲಿ ಕಾಲು ದಾಟಿಸಬೇಕು, ಭುಜ ತೆರೆದುಕೊಳ್ಳಬಾರದು, ಕಣ್ಣು ಅಲುಗಾಡಬಾರದು.

ಅಮ್ಮನ ಆತಂಕಕ್ಕೆ ಬರೋಣ. ಈ ಶೈಲಿಯ ದೊಡ್ಡ ಹೆಸರುಗಳು ಬಡಪಾಯಿಗಳಲ್ಲ. ನತಾಶಾ ವಾಟ್ಲಿ ಯುಸಿಎಲ್‌ಎ ತಂಡದಿಂದ ಬಂದು 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ, 2008ರಲ್ಲಿ ಬೆಳ್ಳಿ ಗೆದ್ದ ಆಟಗಾರ್ತಿ. ಅಮೆರಿಕದ ಒಲಿಂಪಿಕ್ ಸಾಫ್ಟ್‌ಬಾಲ್ ತಂಡಕ್ಕೆ ಆಡಿದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆ. ಕೇಟ್ಲಿನ್ ಲೋ ಅರಿಜೋನಾ ವಿಶ್ವವಿದ್ಯಾಲಯಕ್ಕೆ ಆಡುವಾಗ 2006, 2007ರಲ್ಲಿ ಎರಡು ರಾಷ್ಟ್ರೀಯ ಪ್ರಶಸ್ತಿ ಬಂತು. 2021ರಲ್ಲಿ ಅದೇ ತಂಡಕ್ಕೆ ಮುಖ್ಯ ಕೋಚ್ ಆದರು. ಇಬ್ಬರೂ ಸ್ಲ್ಯಾಪರ್‌ಗಳು. ಕೈಲಾಗದವರಿಗೆ ಕೊಡೋ ಸಮಾಧಾನದ ಬಹುಮಾನ ಇದು ಅಂತ ಇವರ ಎದುರು ಹೇಳೋಕೆ ಧೈರ್ಯ ಬೇಕು.

ಆದರೂ ಅಮ್ಮನ ಮಾತಲ್ಲಿ ಹುರುಳಿದೆ. ಆಟ ಬದಲಾಗಿದೆ. 2021ರಲ್ಲಿ ಒಕ್ಲಹೋಮಾ ತಂಡ ಒಂದೇ ಸೀಸನ್‌ನಲ್ಲಿ 161 ಹೋಮ್ ರನ್ ಹೊಡೀತು. ಅದೇ ತಂಡದ ಜೋಸಲಿನ್ ಆಲೊ 2022ಕ್ಕೆ ಕಾಲೇಜು ಆಟ ಮುಗಿಸಿದಾಗ ಅವರ ಲೆಕ್ಕದಲ್ಲಿ 122 ಹೋಮ್ ರನ್. ಒಂದು ಬೇಸ್‌ಗೋಸ್ಕರ ಇಷ್ಟೆಲ್ಲ ಕಸರತ್ತು ಮಾಡೋ ಬದಲು ಬೇಲಿ ದಾಟಿಸಬಾರದಾ ಅಂತ ಈಗಿನ ಎಷ್ಟೋ ಕೋಚ್‌ಗಳು ಕೇಳ್ತಾರೆ. ಹಾಗಂತ ಸ್ಲ್ಯಾಪ್ ಸತ್ತುಹೋಗಿಲ್ಲ. ಟೋಕಿಯೊದಲ್ಲಿ ಬೆಳ್ಳಿ ಗೆದ್ದ ಅಮೆರಿಕ ತಂಡದ ಹೇಲಿ ಮೆಕ್ಲೆನಿಯನ್ನ ನೋಡಿ. ಬಂಟ್, ಸ್ಲ್ಯಾಪ್, ಪೂರ್ತಿ ಬೀಸು, ಮೂರೂ ಬರುತ್ತೆ. ಯಾವುದು ಬರುತ್ತೆ ಅಂತ ಗೊತ್ತಿಲ್ಲದಿದ್ರೆ ಫೀಲ್ಡರ್‌ಗಳು ಎಲ್ಲಿ ನಿಲ್ಲಬೇಕು? ಸ್ಲ್ಯಾಪ್ ಒಂದೇ ಗೊತ್ತಿರೋ ಹುಡುಗಿ ಬಂದ್ರೆ ಸುಲಭ, ಇಡೀ ತಂಡ ಹತ್ತು ಹೆಜ್ಜೆ ಮುಂದೆ ಬಂದು ಕೂತುಬಿಡುತ್ತೆ.

ಈಗ ನನ್ನ ಬಿಕಾಂ ಬುದ್ಧಿ ಸ್ವಲ್ಪ ಓಡಿಸ್ತೀನಿ. 3 ವರ್ಷ ಬಲಗಡೆ ಕಲಿಸಿದ್ದೀವಿ, ಅದೆಲ್ಲ ದಂಡ ಆಗಲ್ವಾ ಅಂತ ಅಪ್ಪನೇ ಒಂದು ಕಡೆ ಬರೆದಿದ್ದಾರೆ. ಆ ಖರ್ಚು ಆಗಿಹೋಗಿದೆ, ಅದು ಈ ತೀರ್ಮಾನದ ಲೆಕ್ಕಪುಸ್ತಕಕ್ಕೇ ಬರಬಾರದು. ಬರಬೇಕಾದ್ದು ಮುಂದಿನ ಖರ್ಚು. ವಾರಕ್ಕೆ 3 ಗಂಟೆ ಬ್ಯಾಟಿಂಗ್ ಅಭ್ಯಾಸ ಸಿಕ್ಕರೆ, ಎಡಗಡೆ ಕಳೆಯೋ ಪ್ರತಿ ಗಂಟೆ ಬಲಗಡೆಯಿಂದ ಕಿತ್ತುಕೊಂಡದ್ದೇ. ಕೆಲವು ತಿಂಗಳು ಅವಳು ಎರಡೂ ಕಡೆ ಕೆಟ್ಟದಾಗಿ ಆಡ್ತಾಳೆ. ಶನಿವಾರ ಬೆಳಿಗ್ಗೆ 8 ಗಂಟೆಗೆ ಬಿಸಿಲಲ್ಲಿ ಮಡಚೋ ಕುರ್ಚಿ ಹಾಕ್ಕೊಂಡು ಅದನ್ನ ನೋಡೋಕೆ ಮನೆಯವರೂ ಸಿದ್ಧ ಇರಬೇಕು.

ನನಗೆ ನಿಜವಾಗ್ಲೂ ಅನುಮಾನ ಇರೋದು ಬೇರೆ ಕಡೆ. ಕೋಚ್ ಯಾಕೆ ಹೀಗೆ ಹೇಳಿದ್ರು? ಹುಡುಗಿ ಚೆಂಡಿಗೆ ಬ್ಯಾಟ್ ತಾಗಿಸ್ತಾಳೆ, ಆದರೆ ಹೊಡೆದದ್ದು ದೂರ ಹೋಗಲ್ಲ ಅಂತಾದ್ರೆ ಸಲಹೆಗೆ ಅರ್ಥ ಇದೆ. ಅವಳ ಕಾಲಿಗೆ ಒಂದು ಕೆಲಸ ಸಿಗುತ್ತೆ. ಆದರೆ ಚೆಂಡೇ ತಾಗ್ತಿಲ್ಲ, ಮೂರು ಸಲ ಬೀಸಿ ವಾಪಸ್ ಬರ್ತಿದ್ದಾಳೆ ಅಂತಾದ್ರೆ? ನಿಂತಲ್ಲೇ ನಿಂತು, ರೂಢಿಯಾದ ಕೈಯಲ್ಲಿ ತಾಗಿಸೋಕೆ ಆಗದ್ದು, ಓಡ್ತಾ, ರೂಢಿಯಿಲ್ಲದ ಕೈಯಲ್ಲಿ ಹೇಗೆ ತಾಗುತ್ತೆ ಸ್ವಾಮಿ? ಬ್ಯಾಟಿಂಗ್ ಬಾರದ ಹುಡುಗಿಯರನ್ನ ಸ್ಲ್ಯಾಪರ್ ಮಾಡೋದು ಈ ಆಟದ ಹಳೇ ಚಾಳಿ. ನನ್ನ ಅಭಿಪ್ರಾಯದಲ್ಲಿ ಅದು ತಲೆಕೆಳಗು. ಸ್ಲ್ಯಾಪ್‌ಗೆ ತಂಡದಲ್ಲೇ ಚುರುಕಾದ ಕಣ್ಣಿರೋ ಹುಡುಗಿ ಬೇಕು.

ಇನ್ನೊಂದು, ಮೈಕಟ್ಟು. ಹೆಣ್ಣುಮಕ್ಕಳು ಸರ್ರನೆ ಎತ್ತರ ಆಗೋದೇ ಸಾಮಾನ್ಯವಾಗಿ 11, 12ರ ಆಸುಪಾಸಿನಲ್ಲಿ. ಒಬ್ಬಳಿಗೆ ಬೇಗ, ಇನ್ನೊಬ್ಬಳಿಗೆ ತಡ. ಇವತ್ತು ತಂಡದಲ್ಲಿ ಕುಳ್ಳಿ ಆಗಿರೋಳು 15ಕ್ಕೆ ಎಷ್ಟು ಎತ್ತರ ಇರ್ತಾಳೆ ಅಂತ ಯಾವ ಕೋಚ್‌ಗೂ ಗೊತ್ತಿಲ್ಲ. ಅವಳ ಓಟವೂ ಹಾಗೇ, ಇವತ್ತಿನ ಮೊದಲ ಸ್ಥಾನ ನಾಳೆ ಇರಬಹುದು, ಇಲ್ಲದೇ ಇರಬಹುದು. ಸಣ್ಣ ಆಳು ಅನ್ನೋ ಒಂದೇ ಕಾರಣಕ್ಕೆ ಆಟದ ಶೈಲಿ ನಿರ್ಧಾರ ಆಗೋದಾದ್ರೆ ನಾನು ಅಮ್ಮನ ಪಕ್ಷ. ನಮ್ಮವರೇ ಮಕ್ಕಳ ಎದುರಿಗೆ ‘ನಮ್ಮ ಮೈಕಟ್ಟೇ ಅಷ್ಟು’ ಅಂತ ಹೇಳಿಬಿಡ್ತೀವಿ ನೋಡಿ, ಅದನ್ನ ಮಕ್ಕಳು ಕೇಳಿಸ್ಕೊಂಡಿರ್ತಾರೆ.

ಬಲಗೈಯವಳು ಎಡಕ್ಕೆ ನಿಂತ್ರೆ ಏನೋ ಎಡವಟ್ಟಾಗುತ್ತೆ ಅನ್ನೋ ಭಯ ಮಾತ್ರ ಬೇಡ. ಸ್ಮೃತಿ ಮಂಧಾನ ಮೂಲತಃ ಬಲಗೈಯವರು, ಬ್ಯಾಟಿಂಗ್ ಎಡಗೈ. ಸೌರವ್ ಗಂಗೂಲಿ ಬೌಲಿಂಗ್ ಬಲಗೈ, ಬ್ಯಾಟಿಂಗ್ ಎಡಗೈ. ಬೇಸ್‌ಬಾಲ್‌ನಲ್ಲಿ ಇಚಿರೊ ಸುಜುಕಿ ಬಲಗೈಯಲ್ಲಿ ಎಸೆದು ಎಡಗಡೆ ನಿಂತು 2004ರ ಒಂದೇ ಸೀಸನ್‌ನಲ್ಲಿ 262 ಹಿಟ್ ಬಾರಿಸಿದ್ರು. ಒಂದು ತಮಾಷೆ ಗಮನಿಸಿ. ಎಡಗೈ ಬ್ಯಾಟರ್‌ನ ಬಲಗೈಯನ್ನ ಕ್ರಿಕೆಟ್‌ನಲ್ಲಿ ‘ಟಾಪ್ ಹ್ಯಾಂಡ್’ ಅಂತೀವಿ, ಸಾಫ್ಟ್‌ಬಾಲ್‌ನಲ್ಲಿ ಅದೇ ಕೈ ‘ಬಾಟಮ್ ಹ್ಯಾಂಡ್’. ಅವರು ಬ್ಯಾಟನ್ನ ಮೇಲಕ್ಕೆ ಎತ್ತಿ ಹಿಡೀತಾರಲ್ಲ, ಅದಕ್ಕೆ. ಹೆಸರು ಏನೇ ಇರಲಿ, ಬ್ಯಾಟಿನ ತುದಿ ಎಲ್ಲಿಗೆ ಹೋಗಬೇಕು ಅಂತ ನಡೆಸೋಕೆ ಬಲವಾದ ಕೈ ಹಿಡಿಯ ಕಡೆ ಇರೋದು ಸ್ಲ್ಯಾಪರ್‌ಗೆ ಅನುಕೂಲವೇ.

ಸರಿ, ಹುಡುಗಿಯ ಉತ್ತರ. ಅವಳಿಗೆ ಬೇಸ್‌ನಿಂದ ಬೇಸ್‌ಗೆ ಕದ್ದು ಓಡೋದು ಅಂದ್ರೆ ಪ್ರಾಣ. ಸ್ಲ್ಯಾಪ್ ಕಲೀತೀಯಾ ಅಂದ್ರೆ ‘ಕಲೀತೀನಿ, ಆದರೆ ಜೋರಾಗಿ ಹೊಡೆಯೋದನ್ನ ಬಿಡಲ್ಲ’ ಅಂದಳಂತೆ. ಅಪ್ಪ ಅಮ್ಮ ಎರಡು ವಾರ ವಾದ ಮಾಡಿದ್ದಕ್ಕಿಂತ ಇದು ಸ್ಪಷ್ಟ. ಅವಳ ಈ ಮಾತೇ ನನ್ನ ಸಲಹೆಯ ಅರ್ಧ ಭಾಗ.

ಕಲೀಲಿ. ಆದರೆ ಕ್ರಮ ಮುಖ್ಯ. ಎಡಗಡೆ ನಿಂತು ಮೊದಲು ಪೂರ್ತಿ ಬೀಸೋದು ಕಲೀಬೇಕು, ಟೀ ಮೇಲೆ ಚೆಂಡು ಇಟ್ಟು. ಆಮೇಲೆ ಬಂಟ್. ಕಾಲು ದಾಟಿಸೋದು ಎಲ್ಲಕ್ಕಿಂತ ಕೊನೆಗೆ. ಕಾಲಿನಿಂದ ಶುರು ಮಾಡಿದ ಹುಡುಗಿಯರಿಗೆ ಕೈ ಬರೋದೇ ಇಲ್ಲ, ಚೆಂಡಿನಿಂದ ತಪ್ಪಿಸಿಕೊಂಡು ಓಡೋ ಹಾಗೆ ಕಾಣ್ತಾರೆ. ಪಂದ್ಯಗಳಲ್ಲಿ ಸದ್ಯಕ್ಕೆ ಬಲಗಡೆಯೇ ನಿಲ್ಲಲಿ. ಅಮೆರಿಕದಲ್ಲಿ ಫಾಲ್ ಸೀಸನ್ ಅಂತ ಬರುತ್ತೆ, ಬೇಸಿಗೆ ಟೂರ್ನಿಗಳು ಮುಗಿದ ಮೇಲೆ, ಗೆಲುವಿನ ಒತ್ತಡ ಕಡಿಮೆ. ಎಡಗಡೆಯ ಮೊದಲ ಪರೀಕ್ಷೆ ಅಲ್ಲಿ ಇಟ್ಕೊಳ್ಳಿ. ಮತ್ತೆ ಬಲಗಡೆ ಬೀಸೋದನ್ನ ವಾರಕ್ಕೊಮ್ಮೆಯಾದ್ರೂ ಉಳಿಸಿಕೊಳ್ಳಿ, ಇಲ್ಲಾಂದ್ರೆ ಆ ಬಾಗಿಲು ತಾನಾಗೇ ತುಕ್ಕು ಹಿಡಿಯುತ್ತೆ.

ಸ್ಟಾಪ್‌ವಾಚ್ ಹಿಡೀರಿ. ಬ್ಯಾಟ್‌ಗೆ ಚೆಂಡು ತಾಗಿದ ಕ್ಷಣದಿಂದ ಮೊದಲ ಬೇಸ್ ತುಳಿಯೋವರೆಗೆ, ಬಲಗಡೆಯಿಂದ ಹತ್ತು ಸಲ, ಎಡಗಡೆಯಿಂದ ಹತ್ತು ಸಲ. ನಾನು ಹೇಳಿದ 2.7 ಸೆಕೆಂಡ್ ಜೊತೆ 11 ವರ್ಷದವಳನ್ನ ಹೋಲಿಸಬೇಡಿ, ಅನ್ಯಾಯ ಆಗುತ್ತೆ. ಅವಳದ್ದನ್ನೇ ಅವಳದ್ದಕ್ಕೆ ಹೋಲಿಸಿ.

ಒಂದು ಎಚ್ಚರಿಕೆ. ಮೊದಲ ವರ್ಷ ಗೆಲುವು ಸುಲಭವಾಗಿ ಸಿಗಬಹುದು, ಅದನ್ನ ಪೂರ್ತಿ ನಂಬಬೇಡಿ. 12ರೊಳಗಿನ ಮಕ್ಕಳ ಆಟದಲ್ಲಿ ಫೀಲ್ಡರ್‌ಗಳ ಕೈ ಇನ್ನೂ ಎಳಸು. ಚೆಂಡು ಕೈಜಾರುತ್ತೆ, ಎಸೆತ ಎಲ್ಲೆಲ್ಲೋ ಹೋಗುತ್ತೆ. ನೆಲದ ಮೇಲೆ ತಳ್ಳಿದ್ದೆಲ್ಲ ಬೇಸ್ ಕೊಡುತ್ತೆ. 15, 16ಕ್ಕೆ ಅದೇ ಶಾರ್ಟ್‌ಸ್ಟಾಪ್‌ನ ತೋಳು ಗಟ್ಟಿಯಾಗಿರುತ್ತೆ, ಅದೇ ಚೆಂಡಿಗೆ ಔಟ್. ಅದಕ್ಕೇ ಅಂಕಪಟ್ಟಿ ಬರೆಯುವಾಗ ಬೇಸ್ ಸಿಕ್ತಾ ಇಲ್ವಾ ಅನ್ನೋದರ ಜೊತೆಗೆ, ಹೇಗೆ ಸಿಕ್ತು ಅನ್ನೋದನ್ನೂ ಬರ್ಕೊಳ್ಳಿ. ಫೀಲ್ಡರ್ ತಪ್ಪಿನಿಂದ ಸಿಕ್ಕಿದ್ದು ಬೇರೆ ಖಾತೆ. ಲೆಕ್ಕ ಓದಿದವನಾಗಿ ಇಷ್ಟಾದ್ರೂ ಹೇಳದೆ ಇರೋಕಾಗಲ್ಲ.

ಕೊನೇದಾಗಿ ನಿಯಮ. ಚೆಂಡು ತಾಗುವಾಗ ಬ್ಯಾಟರ್‌ನ ಪಾದ ಬಾಕ್ಸ್‌ನ ಗೆರೆಯಿಂದ ಪೂರ್ತಿ ಆಚೆ ನೆಲ ಮುಟ್ಟಿದ್ರೆ ಔಟ್. ಹೋಮ್ ಪ್ಲೇಟ್ ತುಳಿದಿದ್ರೂ ಅಷ್ಟೇ. ಬಾಕ್ಸ್ ಇರೋದು 3 ಅಡಿ ಅಗಲ, 7 ಅಡಿ ಉದ್ದ. ಆತುರಕ್ಕೆ ಮೊದಲ ಬೇಸ್ ಕಡೆ ಅಡ್ಡಕ್ಕೆ ಹಾರೋ ಹುಡುಗಿಯರು ಇಲ್ಲೇ ಸಿಕ್ಕಿಬೀಳೋದು. ಮನೆ ಮುಂದಿನ ಡ್ರೈವ್‌ವೇನಲ್ಲಿ ಸೀಮೆಸುಣ್ಣದಲ್ಲಿ ಆ ಬಾಕ್ಸ್ ಬರೆದು, ಚೆಂಡಿಲ್ಲದೆ, ಬರೀ ಹೆಜ್ಜೆ ಅಭ್ಯಾಸ ಮಾಡಿಸಿ. ಪಿಚರ್ ಕಡೆಗೆ ನೇರ ಹೋಗ್ತಿದ್ದಾಳಾ ಅಂತ ಫೋನಲ್ಲಿ ವಿಡಿಯೊ ತೆಗೀರಿ. ಮುಖಕ್ಕೆ ಜಾಲರಿ ಇರೋ ಹೆಲ್ಮೆಟ್ ಇಲ್ಲದೆ ನಿಜವಾದ ಪಿಚ್‌ಗೆ ನಿಲ್ಲಿಸಬೇಡಿ, ಇಲ್ಲಿ ಅವಳು ಚೆಂಡಿನ ಕಡೆಗೇ ಓಡ್ತಿರ್ತಾಳೆ.

ಮುಂದಿನ ವಾರ ಮತ್ತೆ ಸಿಗೋಣ. ಪ್ರಶ್ನೆಗಳಿದ್ರೆ ಕಳಿಸಿ. ಮಗುವಿನ ಬಗ್ಗೆ ಕೇಳೋದಾದ್ರೆ, ಮಗು ಏನು ಹೇಳಿತು ಅನ್ನೋದನ್ನ ಮೊದಲ ಸಾಲಲ್ಲೇ ಬರೀರಿ.