ನಾಲ್ಕು ಗಾಲಿಯ ಬೈಕು: ಕೊಳ್ಳುವ ಮೊದಲು, ಹತ್ತುವ ಮೊದಲು

(ಕಾರಖಾನೆಯ ಬೆಳೆಗಾರರ ಮೇಳಾವೆಯಲ್ಲಿ ನಿವೃತ್ತ ಕೃಷಿ ಅಧಿಕಾರಿಗಳು ಮಾಡಿದ ಭಾಷಣ. ಅನೇಕ ಸಭಾಸದರ ಅಪೇಕ್ಷೆಯಂತೆ ಇಲ್ಲಿ ಮುದ್ರಿಸಲಾಗಿದೆ.)



ಈ ವೇದಿಕೆಯಿಂದ ನಾನು ಪ್ರತಿ ಸಲ ಬೀಜದ ಕಬ್ಬಿನ ಬಗ್ಗೆ, ಕುಳೆ ಕಬ್ಬಿನ ಆರೈಕೆಯ ಬಗ್ಗೆ, ರವದಿ ಸುಡಬೇಡಿರೆಂದು ಹೇಳುತ್ತ ಬಂದವನು. ಈ ಸಲ ಒಂದು ವಾಹನದ ಬಗ್ಗೆ ಹೇಳುತ್ತೇನೆ. ಅದಕ್ಕೆ ಕಾರಣ ಇದೆ. ಕಳೆದ ಹಂಗಾಮಿನಿಂದ ಗಟ ಕಚೇರಿಗೆ ಬರುವ ತರುಣ ಬೆಳೆಗಾರರು ಹಲವರು ನನ್ನನ್ನು ಕೇಳಿದರು: "ಸಾಹೇಬ್ರ, ಆ ನಾಕ್ ಗಾಲಿ ಬೈಕ್ ತಗೊಂಡ್ರ ಹ್ಯಾಂಗ?" ಎಂದು. ಎ.ಟಿ.ವಿ. ಅಥವಾ ಕ್ವಾಡ್ ಬೈಕು ಎಂದು ಹೇಳುತ್ತಾರಲ್ಲ, ಅದೇ. ಲೋಣಾವಳೆ, ಮಹಾಬಳೇಶ್ವರದ ಕಡೆ ಪ್ರವಾಸಕ್ಕೆ ಹೋದವರು ಅದರ ಮೇಲೆ ಕೂತು ಬಂದಿದ್ದಾರೆ. ಮೊಬೈಲಿನಲ್ಲಿ ಪರದೇಶದ ರೈತರು ಅದರ ಮೇಲೆ ಹೊಲ ಸುತ್ತುವುದನ್ನು ನೋಡಿದ್ದಾರೆ. ಆಸೆ ಹುಟ್ಟುವುದು ಸಹಜ. ನಾನು ಬೇಡ ಎನ್ನಲು ಬಂದಿಲ್ಲ. ಲೆಕ್ಕ ಹಾಕಿ ಕೊಳ್ಳಿರಿ, ತಿಳಿದು ಹತ್ತಿರಿ ಎಂದು ಹೇಳಲು ಬಂದಿದ್ದೇನೆ.

ಇದು ಎಲ್ಲಿಂದ ಬಂತು?

ಹೋಂಡಾ ಕಂಪನಿಯವರು 1970ರಲ್ಲಿ ಅಮೇರಿಕೆಯಲ್ಲಿ ಮೂರು ಗಾಲಿಯ ಒಂದು ಸಣ್ಣ ಗಾಡಿಯನ್ನು ಮಾರಾಟಕ್ಕೆ ಬಿಟ್ಟರು. ಅಲ್ಲಿ ಚಳಿಗಾಲದಲ್ಲಿ ಮೋಟಾರ್ ಸೈಕಲ್ಲು ಮಾರುವುದು ಕಡಿಮೆ. ಹಿಮದಲ್ಲಿ, ಮರಳಿನಲ್ಲಿ, ಕೆಸರಿನಲ್ಲಿ ಓಡುವಂಥದ್ದು ಏನಾದರೂ ಕೊಡಿ ಎಂದು ಅಂಗಡಿಯವರು ಕೇಳಿದ್ದರು. ಬಲೂನಿನಂತೆ ಉಬ್ಬಿದ, ಗಾಳಿ ಕಡಿಮೆ ಇರುವ ದಪ್ಪ ಟೈರು ಅದರ ವಿಶೇಷ. ಮೊದಲು ಅದು ಆಟದ ಗಾಡಿ. ಆಮೇಲೆ ರೈತರು ಅದನ್ನು ಕೆಲಸಕ್ಕೆ ಹಚ್ಚಿದರು. 1982ರಲ್ಲಿ ಸುಝುಕಿಯವರು ನಾಲ್ಕು ಗಾಲಿಯದನ್ನು ತಂದರು. ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳಲ್ಲಿ ಕುರಿ ದನ ಹೊಡೆಯಲು ಕುದುರೆಯ ಬದಲು ಇದೇ ಬಂತು.

ಮೂರು ಗಾಲಿಯದರ ಗತಿ ಏನಾಯಿತು? ಅದು ತಿರುವಿನಲ್ಲಿ ಮಗುಚುತ್ತಿತ್ತು. ಬಹಳ ಜನ, ಅದರಲ್ಲೂ ಹುಡುಗರು, ಸತ್ತರು. ಕೊನೆಗೆ 1988ರಲ್ಲಿ ಅಮೇರಿಕೆಯ ನ್ಯಾಯಾಲಯದ ಒಪ್ಪಂದದಂತೆ ಕಂಪನಿಗಳು ಮೂರು ಗಾಲಿಯದರ ಮಾರಾಟವನ್ನು ನಿಲ್ಲಿಸಿದವು. ದೊಡ್ಡವರ ಗಾಡಿಯನ್ನು ಹದಿನಾರು ವರ್ಷದೊಳಗಿನ ಮಕ್ಕಳಿಗಾಗಿ ಮಾರಬಾರದು, ಕೊಂಡವರಿಗೆ ತರಬೇತಿ ಕೊಡಬೇಕು ಎಂದೂ ಆಯಿತು. ನಾಲ್ಕು ಗಾಲಿಯದು ಉಳಿಯಿತು. ಆದರೆ ನಾಲ್ಕು ಗಾಲಿ ಇದ್ದ ಮಾತ್ರಕ್ಕೆ ಮಗುಚುವುದಿಲ್ಲ ಎಂದು ತಿಳಿದರೆ ತಪ್ಪು.

ನಮ್ಮ ಮನೆಯಲ್ಲಿ ಆದದ್ದು

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ನನ್ನ ಅಣ್ಣನ ಮಗ ಒಂದು ವಿಹಾರಧಾಮದವರು ಮಾರಿದ ಹಳೆಯ ಗಾಡಿಯನ್ನು ತಂದ. ಹಿಂದಿನ ಕ್ಯಾರಿಯರಿನ ಮೇಲೆ ಔಷಧ ಹೊಡೆಯುವ ಟಾಕಿ ಕಟ್ಟಿದ. ಎರಡು ತಿಂಗಳು ಚೆನ್ನಾಗಿ ನಡೆಯಿತು. ಊರಿನವರೆಲ್ಲ ಬಂದು ನೋಡಿ ಹೋದರು. ನಾನೂ ಹೊಗಳಿದ್ದೆ.

ಒಂದು ಸಂಜೆ ಟಾಕಿಯಲ್ಲಿ ಅರ್ಧ ನೀರು ಉಳಿದಿತ್ತು. ಕಾಲುವೆಯ ಏರಿಯನ್ನು ನೇರ ಹತ್ತದೆ ಓರೆಯಾಗಿ ಹತ್ತಿದ. ತುಂಬಿದ ಟಾಕಿಯ ನೀರು ಅಷ್ಟು ಅಲುಗುವುದಿಲ್ಲ, ಅರ್ಧ ಟಾಕಿಯ ನೀರು ತಗ್ಗಿನ ಕಡೆಗೆ ಹೊರಳುತ್ತದೆ. ಗಾಡಿ ಮಗುಚಿತು. ಸುಮಾರು ಮುನ್ನೂರು ಕಿಲೋ ಭಾರ ಅವನ ಎದೆಯ ಮೇಲೆ ಕೂತಿತು. ಪುಣ್ಯಕ್ಕೆ ಪಕ್ಕದ ಹೊಲದಲ್ಲಿ ಕಬ್ಬು ಕಡಿಯುವ ಟೋಳಿ ಇತ್ತು. ಎಂಜಿನ್ನು ಒದರುವುದನ್ನು ಕೇಳಿ ಓಡಿ ಬಂದು ನಾಲ್ವರು ಎತ್ತಿದರು. ಮೂರು ಪಕ್ಕೆಲುಬು ಮುರಿದಿದ್ದವು. ಆಸ್ಪತ್ರೆಯಲ್ಲಿ ಅವನು ಹೇಳಿದ ಮಾತನ್ನು ನಾನು ಮರೆಯಲಾರೆ: "ಉಸರು ಹೊರಗ ಹೋತ್ರಿ ಕಾಕಾ, ಒಳಗ ಬರಲೇ ಇಲ್ಲ."

ಬಂಧುಗಳೇ, ಆಸ್ಟ್ರೇಲಿಯಾದಲ್ಲಿ ವರ್ಷಕ್ಕೆ ಸುಮಾರು ಹದಿನಾರು ಜನ ಇದೇ ವಾಹನದಿಂದ ಸಾಯುತ್ತಿದ್ದರು. ಹೊಲದಲ್ಲಿ ಸತ್ತವರಲ್ಲಿ ಅನೇಕರಿಗೆ ದೊಡ್ಡ ಗಾಯವೇ ಇರುತ್ತಿರಲಿಲ್ಲ. ಗಾಡಿಯ ಕೆಳಗೆ ಸಿಕ್ಕಿ ಉಸಿರು ಕಟ್ಟಿ ಸತ್ತವರು ಅವರು. ಅದಕ್ಕಾಗಿ ಅಲ್ಲಿನ ಸರಕಾರ 2019ರಲ್ಲಿ ನಿಯಮ ಮಾಡಿತು. 2021ರ ಅಕ್ಟೋಬರಿನಿಂದ ಕೆಲಸಕ್ಕೆಂದು ಮಾರುವ ಪ್ರತಿಯೊಂದು ಹೊಸ ಗಾಡಿಗೂ ಹಿಂಬದಿಯಲ್ಲಿ ಸವಾರನನ್ನು ಕಾಯುವ ಚೌಕಟ್ಟು ಇರಲೇಬೇಕು. ಗಾಡಿ ಮಗುಚಿದರೂ ಪೂರ್ತಿ ಮೈಮೇಲೆ ಬೀಳದೆ ನಡುವೆ ಜಾಗ ಉಳಿಯಲೆಂದು ಈ ಚೌಕಟ್ಟು. ಹೊಸ ಟ್ರ್ಯಾಕ್ಟರಿಗೆ ಇಂಥ ಚೌಕಟ್ಟು ಬೇಕೆಂದು ಸ್ವೀಡನ್ ದೇಶದವರು 1959ರಲ್ಲಿಯೇ ಕಡ್ಡಾಯ ಮಾಡಿದ್ದರು. ನಮ್ಮಲ್ಲಿ ಇಂದಿಗೂ ಚೌಕಟ್ಟಿಲ್ಲದ ಟ್ರ್ಯಾಕ್ಟರುಗಳೇ ಹೆಚ್ಚು ಓಡುತ್ತವೆ. ಯೋಚನೆ ಮಾಡಿರಿ.

ಕಬ್ಬಿನ ರೈತನಿಗೆ ಇದರ ಕೆಲಸ ಏನು?

ಮೊದಲು ಏನು ಆಗುವುದಿಲ್ಲ ಎಂಬುದನ್ನು ಹೇಳುತ್ತೇನೆ. ಇದು ಕಬ್ಬು ಸಾಗಿಸುವ ವಾಹನ ಅಲ್ಲ. ಒಂದು ಟೈರುಗಾಡಿ ಟನ್ನುಗಟ್ಟಲೆ ಕಬ್ಬು ತರುತ್ತದೆ. ಎರಡು ಟ್ರಾಲಿಯ ಟ್ರ್ಯಾಕ್ಟರು ಹತ್ತು ಟನ್ನಿಗೂ ಮೇಲೆ ತರುತ್ತದೆ. ಸಾಮಾನ್ಯ ಎ.ಟಿ.ವಿ.ಯ ಮುಂದಿನ ಕ್ಯಾರಿಯರಿಗೆ ಸುಮಾರು 40 ಕಿಲೋ, ಹಿಂದಿನದಕ್ಕೆ ಸುಮಾರು 80 ಕಿಲೋ ಮಿತಿ. ಯೂರಿಯಾದ ಒಂದು ಚೀಲ 45 ಕಿಲೋ. ಅಂದರೆ ಮುಂದೆ ಒಂದು ಚೀಲವೂ ಹೆಚ್ಚೇ, ಹಿಂದೆ ಎರಡು ಚೀಲ ಹಾಕಿದರೂ ಮಿತಿ ಮೀರಿತು. ಗಾಡಿ ಎಳೆಯಬಹುದು, ಆದ್ದರಿಂದ ಆಗುತ್ತದೆ ಎಂದುಕೊಳ್ಳಬೇಡಿರಿ. ಎತ್ತು ಭಾರ ಹೆಚ್ಚಾದರೆ ತಾನೇ ನಿಲ್ಲುತ್ತದೆ. ಎಂಜಿನ್ನು ನಿಲ್ಲುವುದಿಲ್ಲ.

ಇನ್ನು ಆಗುವ ಕೆಲಸ. ಎಂಟು ಹತ್ತು ಕಡೆ ತುಂಡು ತುಂಡಾಗಿ ಹೊಲ ಇದ್ದವರು ಒಂದೇ ಬೆಳಿಗ್ಗೆ ಎಲ್ಲವನ್ನೂ ನೋಡಿ ಬರಬಹುದು. ಹನಿ ನೀರಾವರಿಯ ಪೈಪು ಎಲ್ಲಿ ಒಡೆದಿದೆ ಎಂದು ಸಾಲಿನುದ್ದಕ್ಕೂ ಹೋಗಿ ನೋಡಬಹುದು. ಒಂದು ಚೀಲ ಗೊಬ್ಬರ, ಪಂಪಿನ ಸಾಮಾನು, ಮೇವಿನ ಹೊರೆ ಒಯ್ಯಬಹುದು. ಕಬ್ಬು ಸಣ್ಣದಿರುವಾಗ ಅಗಲ ಸಾಲಿನಲ್ಲಿ ಔಷಧ ಹೊಡೆಯಬಹುದು. ಟೈರಿನಲ್ಲಿ ಗಾಳಿ ಕಡಿಮೆ ಇರುವುದರಿಂದ ಮಣ್ಣು ಗಟ್ಟಿಯಾಗುವುದೂ ಕಡಿಮೆ. ಆದರೆ ನಮ್ಮ ಎರೆ ಭೂಮಿಯ ಗುಣ ನಿಮಗೆ ಗೊತ್ತು. ಜೋರು ಮಳೆಯ ಮರುದಿನ ಆ ಅಂಟು ಮಣ್ಣು ಟೈರಿನ ಹಲ್ಲುಗಳಲ್ಲಿ ತುಂಬಿಕೊಂಡರೆ ಈ ಗಾಡಿಯೂ ಜಾರುತ್ತದೆ. ಎಲ್ಲ ನೆಲದ ವಾಹನ ಎಂಬುದು ಹೆಸರು ಅಷ್ಟೆ.

ಖರ್ಚಿನ ಲೆಕ್ಕ

2020ರಲ್ಲಿ ಒಂದು ಕಂಪನಿಯವರು ರಸ್ತೆಗೆ ನೋಂದಣಿ ಆಗುವಂಥ, ಟ್ರ್ಯಾಕ್ಟರ್ ವರ್ಗದ ಎ.ಟಿ.ವಿ.ಯನ್ನು ನಮ್ಮ ದೇಶದಲ್ಲಿ ಬಿಟ್ಟಾಗ ಅದರ ಬೆಲೆ ಎಂಟು ಲಕ್ಷದ ಹತ್ತಿರ ಇತ್ತು. ಆ ಎಂಟು ಲಕ್ಷವನ್ನೇ ಹಿಡಿಯೋಣ. ಎಂಟು ವರ್ಷ ಬಾಳಿತು ಎಂದರೆ ವರ್ಷಕ್ಕೆ ಒಂದು ಲಕ್ಷ ಸವೆತ. ವರ್ಷದಲ್ಲಿ ಐವತ್ತು ದಿನ ಉಪಯೋಗಿಸಿದರೆ ದಿನಕ್ಕೆ ಎರಡು ಸಾವಿರ ರೂಪಾಯಿ ಬಿತ್ತು. ಇನ್ನೂರು ದಿನ ಉಪಯೋಗಿಸಿದರೆ ಐದುನೂರು. ಬಡ್ಡಿ, ಪೆಟ್ರೋಲು, ರಿಪೇರಿ ಇದರ ಮೇಲೆ. ಒಬ್ಬನಿಗೆ ನಾಲ್ಕೈದು ಎಕರೆ ಕಬ್ಬು ಇದ್ದರೆ ಇನ್ನೂರು ದಿನದ ಕೆಲಸ ಎಲ್ಲಿಂದ ಬರಬೇಕು? ಕಬ್ಬಿನ ಬಿಲ್ಲು ಬರುವುದು ವರ್ಷಕ್ಕೊಮ್ಮೆ, ಸಾಲದ ಹಪ್ತೆ ಮಾತ್ರ ತಪ್ಪದೆ ಬರುತ್ತದೆ.

ಆದ್ದರಿಂದ ನನ್ನ ಸಲಹೆ ಇದು. ಒಬ್ಬೊಬ್ಬರೇ ಕೊಳ್ಳಬೇಡಿರಿ. ಒಂದೇ ಕಾಲುವೆಯ ಐದಾರು ಬೆಳೆಗಾರರು ಕೂಡಿ ಒಂದು ತೆಗೆದುಕೊಳ್ಳಿರಿ, ಅಥವಾ ನಿಮ್ಮ ಊರಿನ ಸೊಸಾಯಿಟಿ ಒಂದನ್ನು ಬಾಡಿಗೆಗೆ ಇಡಲಿ. ನಡೆಸಲು ಕಲಿತ ಒಬ್ಬ ಹುಡುಗ ಇರಲಿ. ದಿನಚರಿಯ ಪುಸ್ತಕ ಇಡಿರಿ. ಒಂದು ವರ್ಷದ ಪುಸ್ತಕ ನೋಡಿದರೆ ಇದು ಕೆಲಸದ ಗಾಡಿಯೋ ಶೋಕಿಯ ಗಾಡಿಯೋ ಗೊತ್ತಾಗುತ್ತದೆ. ಸಹಕಾರ ಎಂದರೆ ಕಾರಖಾನೆಯ ಶೇರು ಮಾತ್ರ ಅಲ್ಲ.

ಇದೇ ಬೆಲೆಯ ಆಸುಪಾಸಿನಲ್ಲಿ ಹಳೆಯ ಗಾಡಿ ಕೊಳ್ಳುವ ಮಾತು ಬಂದರೆ, ಕಾಗದ ನೋಡಿರಿ. 1988ರ ಮೋಟಾರು ವಾಹನ ಕಾಯ್ದೆಯಂತೆ ನೋಂದಣಿ ಇಲ್ಲದ, ವಿಮೆ ಇಲ್ಲದ ವಾಹನವನ್ನು ಸಾರ್ವಜನಿಕ ರಸ್ತೆಗೆ ತರುವಂತಿಲ್ಲ. ವಿಹಾರಧಾಮದ ಬೇಲಿಯೊಳಗೆ ಓಡಿದ ಗಾಡಿಗಳಿಗೆ ಸಾಮಾನ್ಯವಾಗಿ ನೋಂದಣಿ ಇರುವುದಿಲ್ಲ. ನಿಮ್ಮ ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಡಾಂಬರು ರಸ್ತೆ ದಾಟಬೇಕಾದರೆ ಆ ಗಾಡಿ ನಿಮಗೆ ಉಪಯೋಗ ಇಲ್ಲ.

ಹತ್ತುವವರಿಗೆ ನಾಲ್ಕು ಮಾತು

ಒಂದು. ಇದರ ಸೀಟು ಉದ್ದ ಇರುತ್ತದೆ. ನೋಡಿದವರು ಇಬ್ಬರ ಸೀಟು ಎಂದುಕೊಳ್ಳುತ್ತಾರೆ. ಅಲ್ಲ. ಏರು ಹತ್ತುವಾಗ ಮುಂದೆ ಸರಿಯಲು, ಇಳಿಯುವಾಗ ಹಿಂದೆ ಸರಿಯಲು, ತಿರುವಿನಲ್ಲಿ ಒಳಬದಿಗೆ ಬಾಗಲು ಒಬ್ಬನೇ ಸವಾರನಿಗೆ ಬಿಟ್ಟ ಜಾಗ ಅದು. ಹಿಂದೆ ಮತ್ತೊಬ್ಬರು ಕೂತರೆ ಸವಾರ ಅಲುಗಲಾರ, ಗಾಡಿಯ ತೂಕವೂ ಹಿಂದಕ್ಕೆ ಹೋಯಿತು. ಇಬ್ಬರು ಹೋಗಬೇಕಾದರೆ ಪಕ್ಕ ಪಕ್ಕ ಸೀಟು, ಪಟ್ಟಿ, ಸುತ್ತ ಪೈಪಿನ ಚೌಕಟ್ಟು, ಹಿಂದೆ ಸಾಮಾನಿನ ಡಬ್ಬಿ ಇರುವ ಬೇರೆ ಜಾತಿಯ ಗಾಡಿ ಇದೆ. ಕೆಲಸಕ್ಕೆ ಅದೇ ಮೇಲು, ಆದರೆ ಪಟ್ಟಿ ಕಟ್ಟಿಕೊಂಡರೆ ಮಾತ್ರ.

ಎರಡು. ಏರಿ, ಬದು, ಹಳ್ಳದ ದಂಡೆ ಇವುಗಳನ್ನು ನೇರವಾಗಿ ಹತ್ತಿರಿ, ನೇರವಾಗಿ ಇಳಿಯಿರಿ. ಇಳಿಜಾರಿನ ನಡುವೆ ಹೊರಳಿಸಬೇಡಿರಿ. ಗಾಡಿ ವಾಲಿತೆಂದು ಕಾಲು ನೆಲಕ್ಕೆ ಕೊಡಬೇಡಿರಿ. ಮೋಟಾರ್ ಸೈಕಲ್ಲಿನ ಈ ರೂಢಿ ಇಲ್ಲಿ ಘಾತಕ, ನಿಮ್ಮದೇ ಹಿಂದಿನ ಗಾಲಿ ಕಾಲ ಮೇಲೆ ಹತ್ತುತ್ತದೆ. ಟಾಕಿ ಇದ್ದರೆ ಸಣ್ಣದಿರಲಿ, ಕ್ಯಾರಿಯರಿನ ಮಿತಿಯೊಳಗೆ ಇರಲಿ.

ಮೂರು. ಟೈರಿನ ಗಾಳಿ. ಮೋಟಾರ್ ಸೈಕಲ್ಲಿಗೆ ಮೂವತ್ತರ ಹತ್ತಿರ ಹೊಡೆಸುತ್ತೀರಿ. ಇದಕ್ಕೆ ಐದರ ಹತ್ತಿರ ಸಾಕು, ಸರಿಯಾದ ಅಂಕೆ ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಪಂಕ್ಚರ್ ಅಂಗಡಿಯ ಸಾಮಾನ್ಯ ಮಾಪು ಅಷ್ಟು ಕಡಿಮೆ ಗಾಳಿಯನ್ನು ಸರಿಯಾಗಿ ತೋರಿಸುವುದಿಲ್ಲ, ಸಣ್ಣ ಮಾಪನ್ನು ಇಟ್ಟುಕೊಳ್ಳಿರಿ. ಎಡ ಬಲ ಸಮ ಇರಲಿ. ಈ ಟೈರು ಮಣ್ಣಿಗೆ ಮಾಡಿದ್ದು, ಡಾಂಬರಿನ ಮೇಲೆ ವೇಗವಾಗಿ ತಿರುಗಿಸಿದರೆ ಕಚ್ಚಿ ಹಿಡಿದು ಮಗುಚುತ್ತದೆ.

ನಾಲ್ಕು. ಹೆಲ್ಮೆಟ್ಟು ಬೇಕು, ಹೊಲದಲ್ಲಿಯೂ ಬೇಕು. ಎಲ್ಲಿಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಹೋಗಿರಿ. ರಾತ್ರಿ ಪಾಳಿಯ ನೀರಿಗೆ ಒಬ್ಬರೇ ಇದರ ಮೇಲೆ ಹೋಗಬೇಡಿರಿ. ಮೊಬೈಲು ಗಾಡಿಯ ಡಬ್ಬಿಯಲ್ಲಿ ಅಲ್ಲ, ನಿಮ್ಮ ಕಿಸೆಯಲ್ಲಿ ಇರಲಿ.

ಮೋಜಿನ ಮಾತು

ಮೋಜು ಬೇಡವೇ ಎಂದು ತರುಣರು ಕೇಳಬಹುದು. ಬೇಕು. ಕಾರ ಹುಣ್ಣಿಮೆಗೆ ಎತ್ತು ಓಡಿಸಿದವರ ಮಕ್ಕಳು ನೀವು. ಆದರೆ ಮೋಜಿಗೂ ನಿಯಮ ಇದೆ. ಅಮೇರಿಕೆಯ ವೆಸ್ಟ್ ವರ್ಜೀನಿಯಾದಲ್ಲಿ 2000ನೇ ವರ್ಷದಲ್ಲಿ ಈ ಗಾಡಿಗಳಿಗೆಂದೇ ಹ್ಯಾಟ್‌ಫೀಲ್ಡ್-ಮೆಕ್‌ಕಾಯ್ ಎಂಬ ಹೆಸರಿನ ಗುಡ್ಡದ ದಾರಿಗಳನ್ನು ತೆರೆದರು. ಅಲ್ಲಿ ದುಡ್ಡು ಕೊಟ್ಟು ಪರವಾನಿಗೆ ತೆಗೆಸಬೇಕು, ಹೆಲ್ಮೆಟ್ಟು ಕಡ್ಡಾಯ, ಒಬ್ಬರ ಗಾಡಿಯ ಮೇಲೆ ಇಬ್ಬರು ಕೂಡುವಂತಿಲ್ಲ. ಮೋಜಿಗೆ ಹೆಸರಾದ ಊರಿನಲ್ಲೇ ಇಷ್ಟು ಕಟ್ಟು ಇದೆ. ನೀವು ಪ್ರವಾಸಕ್ಕೆ ಹೋದಾಗ ಹೆಲ್ಮೆಟ್ಟು ಕೊಡದ, ಹೇಳಿಕೊಡದ ಜಾಗದಲ್ಲಿ ಮಕ್ಕಳನ್ನು ಹತ್ತಿಸಬೇಡಿರಿ. ಮನೆಯ ಗಾಡಿಯ ಕೀಲಿ ಗೂಟಕ್ಕೆ ತೂಗುಹಾಕಬೇಡಿರಿ, ದೊಡ್ಡವರ ಕಿಸೆಯಲ್ಲಿ ಇರಲಿ. ಅಪ್ರಾಪ್ತ ಮಗ ರಸ್ತೆಯಲ್ಲಿ ವಾಹನ ನಡೆಸಿ ಅಪರಾಧವಾದರೆ ಪಾಲಕರಿಗೆ ಇಪ್ಪತ್ತೈದು ಸಾವಿರ ದಂಡ, ಮೂರು ವರ್ಷದವರೆಗೆ ಜೇಲು ಎಂದು 2019ರ ತಿದ್ದುಪಡಿ ಹೇಳುತ್ತದೆ. ಟ್ರ್ಯಾಕ್ಟರಿಗೂ ಇದು ಅನ್ವಯ. ದಂಡದ ಹೆದರಿಕೆಗಿಂತ ಮಗನ ಜೀವ ದೊಡ್ಡದು.

ನನ್ನ ಅಣ್ಣನ ಮಗ ಈಗ ಗುಣವಾಗಿದ್ದಾನೆ. ಗಾಡಿಯನ್ನು ಮಾರಿಲ್ಲ. ಟಾಕಿ ತೆಗೆದ, ಹಿಂದೆ ಚೌಕಟ್ಟು ಹಾಕಿಸಿದ, ಏರಿಗೆ ಒಂದೇ ಕಡೆ ಅಗಲವಾದ ದಾರಿ ಕಡಿಸಿದ. ಈಗ ಅಲ್ಲಿಂದಲೇ ನೇರ ಹತ್ತುತ್ತಾನೆ. ಹೋಗುವಾಗ ಹೆಂಡತಿಗೆ ಹೇಳಿ ಹೋಗುತ್ತಾನೆ. ಅವನು ಮೂರು ಪಕ್ಕೆಲುಬು ಕೊಟ್ಟು ಕಲಿತದ್ದನ್ನು ನೀವು ಕೇಳಿಯೇ ಕಲಿಯಿರಿ ಎಂಬುದಷ್ಟೇ ನನ್ನ ವಿನಂತಿ.